ಹಿಂದಿನ ಕೋಣೆಗೆ ತಲುಪದ ವೈ-ಫೈ

ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಮನೆಮನೆಯ ಕಷ್ಟಸುಖ ನಮ್ಮ ಕಿವಿಗೆ ಬೀಳುತ್ತದೆ. ಹಿಂದೆಲ್ಲ ಅಡಿಕೆಯ ಕೊಳೆರೋಗ, ಮಗಳ ಸಂಬಂಧ, ಗಲ್ಫಿನಲ್ಲಿರುವ ಮಗನ ವೀಸಾ, ಇಷ್ಟೇ ಮಾತು. ಈಚೆಗೆ ಆ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಒಂದು ಮಳೆಗಾಲದ ಕೊನೆಯಲ್ಲಿ, ಒಂದು ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದ ಅಜ್ಜನಿಗೆ ಪರಮಪ್ರಸಾದ ಕೊಟ್ಟು ಹೊರಡುವಾಗ ಅಜ್ಜಿ ಬಾಗಿಲ ತನಕ ಬಂದು, "ಫಾದರ್, ಇವರಿಗೆ ಪೂಜೆ ಸುತ್ತುತ್ತದೆ" ಎಂದರು.

ತಲೆ ಸುತ್ತುವುದು ಕೇಳಿ ಗೊತ್ತು. ಪೂಜೆ ಸುತ್ತುವುದೆಂದರೇನು? ಅಜ್ಜಿಯೇ ಬಿಡಿಸಿ ಹೇಳಿದರು. "ಭಾನುವಾರ ಮೊಬೈಲಿನಲ್ಲಿ ಪೂಜೆ ಇಟ್ಟುಕೊಡುತ್ತೇನೆ. ಪ್ರವಚನದ ತನಕ ಹೇಗೋ ಬರುತ್ತದೆ. ಆಮೇಲೆ ನಡುವಿನಲ್ಲಿ ಒಂದು ಬಳೆ ಬಂದು ಸುತ್ತುತ್ತಾ ನಿಲ್ಲುತ್ತದೆ. ಸ್ವಾಮಿಯನ್ನು ಎತ್ತುವ ಹೊತ್ತಿಗೇ ಸುತ್ತುತ್ತದೆ. ಇವರು ಕೈಮುಗಿದುಕೊಂಡೇ ಕಾಯುತ್ತಾ ಇರುತ್ತಾರೆ."

ಅಷ್ಟರಲ್ಲಿ ಮೊಮ್ಮಗಳೂ ಬಂದಳು. ಬೆಂಗಳೂರಿನ ಒಂದು ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುವವಳು. ಅವಳ ಮೇಜು ಅಜ್ಜನ ಕೋಣೆಯ ಪಕ್ಕದಲ್ಲೇ. ವಿಡಿಯೊ ಸಭೆಯಲ್ಲಿ ಅವಳ ಮಾತು ತುಂಡು ತುಂಡಾಗಿ ಕೇಳುತ್ತದೆಂದು ಮೇಲಿನವರು ಎರಡು ಸಲ ಎಚ್ಚರಿಸಿದ್ದರು. ಮೂರನೆಯ ಸಲವಾದರೆ ಬೆಂಗಳೂರಿಗೇ ಬಂದು ಕೂರಬೇಕು. ಅವಳು ಹೋದರೆ ಅಜ್ಜನನ್ನು ಎತ್ತಿ ಕೂರಿಸಲು ಆ ಮನೆಯಲ್ಲಿ ಕೈಯಿಲ್ಲ. ಕುವೈತಿನಲ್ಲಿರುವ ಅವಳ ಅಪ್ಪ ಅಲ್ಲಿಂದಲೇ ಯೋಜನೆಯನ್ನು ೫೦ ಎಂಬಿಪಿಎಸ್‌ನಿಂದ ೧೦೦ಕ್ಕೆ, ೧೦೦ರಿಂದ ೨೦೦ಕ್ಕೆ ಏರಿಸಿದ್ದರು. ಪ್ರತಿ ಸಲ ಬಿಲ್ಲು ಏರಿತು. ಬಳೆ ಮಾತ್ರ ಸುತ್ತುತ್ತಲೇ ಇತ್ತು.

ನಾವು ಎಂಜಿನಿಯರರಲ್ಲ; ಸೆಮಿನರಿಯಲ್ಲಿ ಓದಿದ್ದು ತತ್ತ್ವಶಾಸ್ತ್ರ, ದೈವಶಾಸ್ತ್ರ. ಆದರೂ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡ ಅನುಭವವುಂಟು. ೨೦೨೦ರಲ್ಲಿ ಲಾಕ್‌ಡೌನ್ ಆಗಿ ದೇವಾಲಯದ ಬಾಗಿಲು ಮುಚ್ಚಿದಾಗ, ಮಾರ್ಚ್ ೨೭ರಂದು ಜಗದ್ಗುರು ಫ್ರಾನ್ಸಿಸರು ರೋಮಿನ ಖಾಲಿ ಚೌಕದಲ್ಲಿ ಮಳೆಯ ನಡುವೆ ಆಶೀರ್ವಾದ ನೀಡಿದ್ದನ್ನು ಕಂಡು, ನಾವೂ ಮೊಬೈಲಿನ ಮುಂದೆ ಬಲಿಪೂಜೆ ಅರ್ಪಿಸತೊಡಗಿದೆವು. ಅದು ನಡುನಡುವೆ ಕಡಿದುಹೋಗುತ್ತಿತ್ತು. ಇಂಟರ್ನೆಟ್ ಕೊಡುವವರಿಗೆ ಫೋನು ಮಾಡಿ, ಅತ್ತ ಕಡೆಯಿದ್ದ ಹುಡುಗನ ಮೇಲೆ ಗುರುಗಳು ಆಡಬಾರದ ಧ್ವನಿಯಲ್ಲಿ ಮಾತಾಡಿದೆವು. ಮೂರು ವಾರ ಕಳೆದ ಮೇಲೆ ತಿಳಿದದ್ದು: ಗುರುಮನೆಯಿಂದ ಎಳೆದ ತಂತಿ ಸಕ್ರಿಸ್ತಿಯ ಬಾಗಿಲಿನಡಿ ಸಿಕ್ಕಿ ಚಪ್ಪಟೆಯಾಗಿತ್ತು. ಬಾಗಿಲು ಹಾಕಿದಾಗಲೆಲ್ಲ ಪೂಜೆ ನಿಲ್ಲುತ್ತಿತ್ತು. ಆ ಹುಡುಗನಿಗೆ ಮತ್ತೆ ಫೋನು ಮಾಡಿ ಕ್ಷಮೆ ಕೇಳೋಣವೆಂದರೆ ಅವನು ಯಾರೆಂದೇ ಗೊತ್ತಿಲ್ಲ.

ಹಾಗಾಗಿ ಅಜ್ಜಿಗೆ, "ಬರುವ ಭಾನುವಾರ ಮಧ್ಯಾಹ್ನ ಬರುತ್ತೇವೆ, ಅಲ್ಲಿಯವರೆಗೆ ಯಾವುದಕ್ಕೂ ಇನ್ನು ದುಡ್ಡು ಹಾಕಬೇಡಿ" ಎಂದು ಹೇಳಿ ಬಂದೆವು. ಯುವಜನ ಸಂಘದ ಇಬ್ಬರು, ಒಂದು ಲ್ಯಾಪ್‌ಟಾಪು, ಎರಡು ಮೀಟರಿನ ಹೊಸ ಲ್ಯಾನ್ ತಂತಿ: ಇಷ್ಟೇ ನಮ್ಮ ಸಾಮಗ್ರಿ.

ಇಂಥ ತೊಂದರೆಯನ್ನು ನೋಡುವ ಕ್ರಮ ನಮ್ಮ ಕಾಸರಗೋಡಿನ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಸುರಂಗದಿಂದ ತೋಟಕ್ಕೆ ನೀರು ತರುವವರು, ತೋಟದ ಕೊನೆಯಲ್ಲಿ ನೀರು ಸಣ್ಣಗೆ ಬಂದರೆ ಕೂಡಲೇ ಇನ್ನೊಂದು ಸುರಂಗ ತೋಡಿಸುವುದಿಲ್ಲ. ಮೊದಲು ಸುರಂಗದ ಬಾಯಿಗೆ ಹೋಗಿ ನೋಡುತ್ತಾರೆ. ಅಲ್ಲಿ ನೀರು ಸರಿಯಿದ್ದರೆ ತೊಟ್ಟಿ, ತೊಟ್ಟಿ ಸರಿಯಿದ್ದರೆ ಪೈಪು, ಹೀಗೆ ಇಳಿಯುತ್ತಾ ಬರುತ್ತಾರೆ. ಇಂಟರ್ನೆಟ್ ಎಂಬುದು ಹೊರಗಿನಿಂದ ಮನೆಗೆ ಬರುವ ನೀರು. ವೈ-ಫೈ ಎಂಬುದು ಮನೆಯೊಳಗಿನ ಕೊನೆಯ ನಳ್ಳಿ. ನಮ್ಮವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ, ನಳ್ಳಿ ಕಟ್ಟಿದಾಗ ಸುರಂಗಕ್ಕೆ ದುಡ್ಡು ಸುರಿಯುತ್ತಾರೆ.

ಆ ಮನೆಯ ಏರ್ಪಾಡು ಹೀಗಿತ್ತು. ಫೈಬರ್ ಬಂದು ಸೇರುವ ರೂಟರು ಎದುರಿನ ಚಾವಡಿಯಲ್ಲಿ. ಅಲ್ಲಿಂದ ಒಂದು ಲ್ಯಾನ್ ತಂತಿ ಹಂಚಿನ ಮಾಡಿನ ಅಂಚಿನಲ್ಲಿ ಸುಮಾರು ೩೫ ಮೀಟರು ಸಾಗಿ ಹಿಂದಿನ ಭಾಗಕ್ಕೆ ಬಂದು ಇನ್ನೊಂದು ಪೆಟ್ಟಿಗೆಗೆ ಸೇರುತ್ತದೆ. ಈ ಎರಡನೆಯ ಪೆಟ್ಟಿಗೆಗೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ತಂತಿಯಲ್ಲಿ ಬಂದದ್ದನ್ನು ಅಲೆಗಳಾಗಿ ಆ ಕೋಣೆಗಳಿಗೆ ಹರಡುವುದು ಅದರ ಕೆಲಸ. ಇದು ಸಾಲದೆಂದು ಅಡುಗೆಮನೆಯ ಪ್ಲಗ್ಗಿನಲ್ಲಿ ಒಂದು ರಿಪೀಟರ್ ಬೇರೆ.

ಮೊದಲು ರೂಟರಿಗೇ ಲ್ಯಾಪ್‌ಟಾಪನ್ನು ತಂತಿಯಿಂದ ಜೋಡಿಸಿ, ಅದರ ವೈ-ಫೈ ಆರಿಸಿ, ವೇಗ ಅಳೆದೆವು. ಈ ಅಳತೆಯನ್ನು ತಂತಿಯಲ್ಲೇ ಮಾಡಬೇಕು, ಮೊಬೈಲಿನಲ್ಲಿ ಅಲ್ಲ. ಬಂದದ್ದು ೧೯೬. ಕೊಂಡದ್ದು ೨೦೦, ಬಂದದ್ದು ೧೯೬. ಹೊರಗಿನ ಕಂಪೆನಿ ನಿರಪರಾಧಿ ಎಂದು ಒಂದೇ ನಿಮಿಷದಲ್ಲಿ ತೀರ್ಮಾನವಾಯಿತು. ನಿಮ್ಮ ಮನೆಯಲ್ಲಿ ಇಲ್ಲೇ ಕಡಿಮೆ ಬಂದರೆ ಮುಂದೆ ಹೋಗುವುದೇ ಬೇಡ, ಧೈರ್ಯವಾಗಿ ದೂರು ಕೊಡಿ. ಆದರೆ ಧ್ವನಿ ಏರಿಸಬೇಡಿ. ಅಂದ ಹಾಗೆ, ಎಂಬಿಪಿಎಸ್ ಎನ್ನುವುದು ಬಿಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ೧೦೦ರ ಯೋಜನೆಯಲ್ಲಿ ಫೈಲೊಂದು ಸೆಕೆಂಡಿಗೆ ೧೨ ಮೆಗಾಬೈಟಿನಷ್ಟು ಇಳಿದರೆ ಮೋಸವಾಗಿಲ್ಲ, ಸರಿಯಾಗಿಯೇ ಬರುತ್ತಿದೆ.

ಆಮೇಲೆ ಹಿಂದಕ್ಕೆ ಹೋದೆವು. ಆಕ್ಸೆಸ್ ಪಾಯಿಂಟಿಗೆ ಚುಚ್ಚಿದ್ದ ಉದ್ದ ತಂತಿಯನ್ನು ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದೆವು. ಚಾವಡಿಯಲ್ಲಿ ೧೯೬ ತೋರಿಸಿದ್ದೇ ಲ್ಯಾಪ್‌ಟಾಪು ಇಲ್ಲಿ ತೋರಿಸಿದ್ದು ೮. ಇನ್ನೊಮ್ಮೆ ಅಳೆದರೆ ೫. ವೈ-ಫೈ ಇನ್ನೂ ಸುರುವೇ ಆಗಿಲ್ಲ! ಹುಡುಗರಲ್ಲೊಬ್ಬ ಪಿಂಗ್ ಎಂಬ ಪರೀಕ್ಷೆ ಮಾಡಿದ: ರೂಟರಿಗೆ ನೂರು ಸಲ ಕೂಗಿ ಎಷ್ಟು ಸಲ ಓಗೊಟ್ಟಿತೆಂದು ಎಣಿಸುವುದು. ನೂರರಲ್ಲಿ ಹನ್ನೊಂದು ಕೂಗಿಗೆ ಉತ್ತರವೇ ಇಲ್ಲ. ಒಂದೇ ಮನೆಯೊಳಗೆ, ತಂತಿಯಲ್ಲಿ, ಒಂದೂ ಕಳೆದುಹೋಗಬಾರದು.

ಏಣಿ ತರಿಸಿ ಮಾಡಿನ ಅಂಚು ನೋಡಿದೆವು. ಕೋಣೆಯೊಳಗೆ ಹಾಕುವ ತೆಳ್ಳನೆಯ ತಂತಿಯನ್ನು ಹೊರಗೆ ಬಿಸಿಲಿಗೆ ಎಳೆದಿದ್ದರು. ಮೇಲಿನ ಸಿಪ್ಪೆ ಒಣಗಿ ಬಿರಿದಿತ್ತು. ನಡುವಿನಲ್ಲಿ ಉದ್ದ ಸಾಲದೆ ಎರಡು ತುಂಡುಗಳನ್ನು ಕೈಯಲ್ಲೇ ತಿರುಚಿ ಕಪ್ಪು ಟೇಪು ಸುತ್ತಿದ್ದರು, ಕರೆಂಟಿನ ತಂತಿಗೆ ಮಾಡುವ ಹಾಗೆ. ಟೇಪಿನೊಳಗೆ ಮಳೆನೀರು ಸೇರಿ ತಾಮ್ರ ಹಸಿರಾಗಿತ್ತು. ಪಕ್ಕದಲ್ಲಿ ಅಳಿಲಿನ ಹಲ್ಲಿನ ಗುರುತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕರೆಂಟಿನ ತಂತಿಗೂ ಲ್ಯಾನ್ ತಂತಿಗೂ ದೊಡ್ಡ ವ್ಯತ್ಯಾಸವುಂಟು. ಬಲ್ಬು ಉರಿಯಬೇಕಾದರೆ ಹೇಗೆ ಜೋಡಿಸಿದರೂ ಮುಟ್ಟಿದರೆ ಸಾಕು. ಲ್ಯಾನ್ ತಂತಿಯೊಳಗೆ ಎಂಟು ಎಳೆಗಳು, ಎರಡೆರಡಾಗಿ ಹೊಸೆದ ನಾಲ್ಕು ಜೋಡಿ. ಆ ಹೊಸೆತಕ್ಕೆ ಅರ್ಥವಿದೆ: ಹೊರಗಿನ ಗದ್ದಲ ಜೋಡಿಯ ಎರಡೂ ಎಳೆಗಳ ಮೇಲೆ ಸಮವಾಗಿ ಬೀಳುವುದರಿಂದ ಅದನ್ನು ಕಳೆದುಬಿಡಲು ಸಾಧ್ಯವಾಗುತ್ತದೆ. ಹೊಸೆತ ಬಿಚ್ಚಿದಲ್ಲಿ ಗದ್ದಲ ನುಗ್ಗುತ್ತದೆ. ೧೦೦ ಎಂಬಿಪಿಎಸ್ ಸಾಗಲು ಎರಡು ಜೋಡಿ ಸಾಕು, ೧೦೦೦ ಸಾಗಲು ನಾಲ್ಕೂ ಜೋಡಿ ಬೇಕು. ಎಳೆ ತುಂಡಾದರೆ ಯಂತ್ರಗಳು ತಾವೇ ಕೆಳಗಿನ ವೇಗಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ, ನಮಗೆ ಹೇಳುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ. 'ತಂತಿ ಸರಿಯಿದೆ, ಹಸಿರು ದೀಪ ಉಂಟಲ್ಲ' ಎಂದು ನಾವೂ ನಂಬುತ್ತೇವೆ. ಆ ದೀಪ ಹೇಳುವುದು ಸಂಪರ್ಕ ಇದೆಯೆಂದು ಮಾತ್ರ, ಆರೋಗ್ಯವಾಗಿದೆಯೆಂದಲ್ಲ.

ಪೇಟೆಯಿಂದ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ತಂತಿ ತರಿಸಿದೆವು. ಕ್ಯಾಟ್-೫ಇ ಸಾಕು, ನೂರು ಮೀಟರಿನ ತನಕ ಅದು ಸಾವಿರ ಎಂಬಿಪಿಎಸ್ ಒಯ್ಯುತ್ತದೆ. ಆದರೆ ಶುದ್ಧ ತಾಮ್ರದ್ದೇ ಆಗಬೇಕು. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದು ಅರ್ಧ ಬೆಲೆಗೆ ಸಿಗುತ್ತದೆ, ಬಾಗಿಸಿದಲ್ಲಿ ಮುರಿಯುತ್ತದೆ. ಕತ್ತರಿಸಿ ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಬಿಳುಪು ಕಾಣಿಸುತ್ತದೆ. ಅಂಗಡಿಯಲ್ಲೇ ಕೆರೆದು ನೋಡಲು ನಾಚಿಕೆ ಬೇಡ. ಒಂದೇ ತುಂಡು, ನಡುವೆ ಜೋಡಣೆಯಿಲ್ಲ, ಕರೆಂಟಿನ ತಂತಿಯಿಂದ ಒಂದು ಗೇಣು ದೂರ.

ಹೊಸ ತಂತಿಯ ಕೊನೆಯಲ್ಲಿ ಲ್ಯಾಪ್‌ಟಾಪು ೧೯೫ ತೋರಿಸಿತು. ಹುಡುಗರು ಚಪ್ಪಾಳೆ ಹೊಡೆದರು. ಆದರೆ ತಂತಿಯನ್ನು ಆಕ್ಸೆಸ್ ಪಾಯಿಂಟಿಗೆ ಹಾಕಿ, ಅದರ ಇನ್ನೊಂದು ತೂತಿನಿಂದ ಲ್ಯಾಪ್‌ಟಾಪಿಗೆ ತೆಗೆದುಕೊಂಡರೆ ೯೪. ಇನ್ನೊಮ್ಮೆಯೂ ೯೪. ಈ ೯೪, ೯೫ ಎಂಬ ಅಂಕಿಯನ್ನು ನೆನಪಿಡಿ. ಎಲ್ಲಿ ಅದು ಕದಲದೆ ನಿಲ್ಲುತ್ತದೋ ಅಲ್ಲಿ ೧೦೦ ಎಂಬಿಪಿಎಸ್ ಮಾತ್ರ ಬಿಡುವ ಒಂದು ಇಕ್ಕಟ್ಟಿನ ಬಾಗಿಲಿದೆಯೆಂದು ಅರ್ಥ. ಪೆಟ್ಟಿಗೆಯ ಮೇಲೆ ೧೨೦೦ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಅದು ಗಾಳಿಯಲ್ಲಿ ಹೋಗುವ ಅಲೆಗಳ ಕಾಗದದ ಲೆಕ್ಕ, ಎರಡು ಬ್ಯಾಂಡುಗಳನ್ನು ಕೂಡಿಸಿದ್ದು. ಹಿಂದಿನ ತೂತು ಮಾತ್ರ ಹಳೆಯ ೧೦೦ರದ್ದೇ. ಮೊಮ್ಮಗಳು, "ಹಾಗಾದರೆ ಇದನ್ನೂ ಬದಲಿಸಬೇಕಾ ಫಾದರ್?" ಎಂದಳು. ಬೇಡ ಎಂದೆವು. ಒಂದು ವಿಡಿಯೊ ಸಭೆಗೆ ಮೂರು ನಾಲ್ಕು ಎಂಬಿಪಿಎಸ್, ಅಜ್ಜನ ಪೂಜೆಗೆ ಐದು. ೯೪ರಲ್ಲಿ ಆ ಕೋಣೆಗಳ ಅಗತ್ಯಕ್ಕೆ ಮಿಕ್ಕಿ ಉಳಿಯುತ್ತದೆ.

ಆ ಪೆಟ್ಟಿಗೆ ನಿಜಕ್ಕೂ ಹಳೆಯ ರೂಟರೇ ಆಗಿತ್ತು. ಅದನ್ನು ಹಾಕಿದವರು ತಂತಿಯನ್ನು ವ್ಯಾನ್ ಎಂದು ಬರೆದ ತೂತಿಗೆ ಚುಚ್ಚಿದ್ದರು. ಹಾಗೆ ಮಾಡಿದರೆ ಮನೆಗೆ ಇಬ್ಬರು ಯಜಮಾನರು: ಇಬ್ಬರೂ ತಮ್ಮ ತಮ್ಮವರಿಗೆ ಬೇರೆ ಬೇರೆ ವಿಳಾಸ ಹಂಚುತ್ತಾರೆ. ಇದರಿಂದ ವೇಗ ಅಷ್ಟೇನೂ ಕುಗ್ಗುವುದಿಲ್ಲ, ಆದರೆ ಹಿಂದಿನ ಕೋಣೆಯ ಪ್ರಿಂಟರು ಮುಂದಿನ ಕೋಣೆಯ ಮೊಬೈಲಿಗೆ ಕಾಣಿಸುವುದಿಲ್ಲ. ಅದರ ವಿಳಾಸ ಹಂಚುವ ಅಧಿಕಾರವನ್ನು, ಅಂದರೆ ಡಿಎಚ್‌ಸಿಪಿಯನ್ನು, ಆರಿಸಿ, ಅದಕ್ಕೆ ದೊಡ್ಡ ರೂಟರಿನ ಸಾಲಿನಲ್ಲೇ ಬೇರೊಂದು ಸಂಖ್ಯೆ ಕೊಟ್ಟು, ತಂತಿಯನ್ನು ಲ್ಯಾನ್ ತೂತಿಗೆ ಬದಲಿಸಿದೆವು. ಹತ್ತು ನಿಮಿಷದ ಕೆಲಸ.

ಇನ್ನು ಗಾಳಿಯ ವಿಷಯ. ತಂತಿಯಿಲ್ಲದ ಮಾತಿಗೂ ಧರ್ಮಸಭೆಗೂ ಹಳೆಯ ನಂಟು. ೧೯೩೧ರ ಫೆಬ್ರವರಿ ೧೨ರಂದು ಜಗದ್ಗುರು ೧೧ನೇ ಪಿಯೂಸರು ವತಿಕಾನ್ ರೇಡಿಯೊ ಉದ್ಘಾಟಿಸಿದರು; ಅದನ್ನು ಕಟ್ಟಿಕೊಟ್ಟವರು ಸ್ವತಃ ಮಾರ್ಕೋನಿ. ಎರಡು ವರ್ಷದ ಬಳಿಕ, ೧೯೩೩ರಲ್ಲಿ, ವತಿಕಾನಿನಿಂದ ಜಗದ್ಗುರುಗಳ ಬೇಸಿಗೆಯ ನಿವಾಸವಿದ್ದ ಕಾಸ್ಟೆಲ್ ಗಂಡೋಲ್ಫೊಗೆ ಒಂದು ಮೀಟರಿಗಿಂತಲೂ ಕಿರಿದಾದ ಅಲೆಗಳಲ್ಲಿ ಟೆಲಿಫೋನು ಸಂಪರ್ಕವನ್ನೂ ಅವರೇ ಕಲ್ಪಿಸಿದರು. ನಮ್ಮ ವೈ-ಫೈ ಅಲೆಗಳು ಇನ್ನೂ ಕಿರಿದು. ೨.೪ ಗಿಗಾಹರ್ಟ್ಸಿನದು ಹನ್ನೆರಡೂವರೆ ಸೆಂಟಿಮೀಟರು, ೫ ಗಿಗಾಹರ್ಟ್ಸಿನದು ಅದರ ಅರ್ಧಕ್ಕೂ ಸ್ವಲ್ಪ ಕಡಿಮೆ. ಹೆಚ್ಚು ಹೊರೆ ಹೊರುವುದು ೫. ಆದರೆ ಗೋಡೆ ಎದುರಾದರೆ ಅದು ೨.೪ಕ್ಕಿಂತ ಬೇಗ ಸೋಲುತ್ತದೆ.

ನಮ್ಮ ಊರಿನ ಗೋಡೆಯಾದರೋ ಮುರಕಲ್ಲಿನದು. ಹಳೆಯ ಮನೆಗಳಲ್ಲಿ ಒಂದೂವರೆ ಅಡಿ ದಪ್ಪ, ಮಳೆಗಾಲದಲ್ಲಿ ನೀರು ಕುಡಿದು ಒದ್ದೆ. ಒದ್ದೆ ಗೋಡೆ ಅಲೆಗಳನ್ನು ಇನ್ನಷ್ಟು ನುಂಗುತ್ತದೆ. ಹಾಗಾಗಿ ನಮ್ಮ ಕಡೆ ಚಾವಡಿಯ ಒಂದೇ ರೂಟರು ಇಡೀ ಮನೆಗೆ ಸಾಕೆಂದು ತಿಳಿಯುವುದು ತಪ್ಪು. ಎರಡು ಗೋಡೆ ದಾಟಿದ ಮೇಲೆ ತಂತಿಯೇ ಗತಿ. ಈ ಮನೆಯಲ್ಲಿ ಆಕ್ಸೆಸ್ ಪಾಯಿಂಟನ್ನು ಕಬ್ಬಿಣದ ಕಪಾಟಿನ ಹಿಂದೆ, ಕಣ್ಣಿಗೆ ಕಾಣದ ಹಾಗೆ ಇಟ್ಟಿದ್ದರು. ಕಬ್ಬಿಣ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ. ಹೊರಗೆ ತೆಗೆದು, ಅಜ್ಜನ ಕೋಣೆಗೂ ಮೊಮ್ಮಗಳ ಮೇಜಿಗೂ ನೇರ ಕಾಣುವ ಓಣಿಯ ಗೋಡೆಗೆ, ಆಳೆತ್ತರಕ್ಕಿಂತ ಮೇಲೆ ಹೊಡೆದೆವು. ಪಕ್ಕದಲ್ಲಿ ಸಂತ ಅಂತೋನಿಯವರ ಪಟ ಇತ್ತು. ಅಜ್ಜಿಗೆ ಸ್ವಲ್ಪ ಬೇಸರವಾಯಿತು. ಪಟವನ್ನು ಒಂದು ಗೇಣು ಬಲಕ್ಕೆ ಸರಿಸಿದ ಮೇಲೆ ಒಪ್ಪಿದರು.

ಆಮೇಲೆ ರಿಪೀಟರ್. ವೈ-ಫೈ ಎಂದರೆ ಒಂದೇ ಮೈಕಿರುವ ಸಭೆಯಂತೆ. ಒಂದು ಚಾನೆಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಎರಡೂ ಹಾಳು, ಮತ್ತೆ ಹೇಳಬೇಕು. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ದ್ವೀಪಗಳ ನಡುವೆ ಅಲೋಹಾ ಎಂಬ ರೇಡಿಯೊ ಜಾಲ ಹಾಕಿದಾಗಲೇ ಈ ಕಷ್ಟ ಎದುರಾಗಿತ್ತು. ರಿಪೀಟರ್ ಮಾಡುವುದೇನು? ಮುಂದಿನವರು ಹೇಳಿದ್ದನ್ನು ಕೇಳಿ ಅದೇ ಚಾನೆಲಿನಲ್ಲಿ ಇನ್ನೊಮ್ಮೆ ಹೇಳುವುದು. ಪ್ರತಿ ಮಾತಿಗೂ ಎರಡು ಸರದಿ, ವೇಗ ಅರ್ಧಕ್ಕೆ. ಅದರ ಮೇಲೆ, ಎಲ್ಲಿ ವೈ-ಫೈ ಬರುವುದಿಲ್ಲವೋ ಅಲ್ಲೇ ಜನ ಅದನ್ನು ಚುಚ್ಚುತ್ತಾರೆ. ತನಗೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಗೆ ಹೇಳೀತು? ತಂತಿ ಎಳೆಯಲು ಸಾಧ್ಯವೇ ಇಲ್ಲದವರು ಅದನ್ನು ಅರ್ಧ ದಾರಿಯಲ್ಲಿ, ಇನ್ನೂ ಚೆನ್ನಾಗಿ ಕೇಳಿಸುವ ಜಾಗದಲ್ಲಿ ಇಡಬೇಕು. ಇಲ್ಲಿ ತಂತಿ ಇದ್ದುದರಿಂದ ಕಿತ್ತು ಅಜ್ಜಿಯ ಕೈಗೆ ಕೊಟ್ಟೆವು.

ಎರಡೂ ಪೆಟ್ಟಿಗೆಗಳು ೨.೪ರಲ್ಲಿ ಒಂದೇ ಚಾನೆಲಿನಲ್ಲಿ ಮಾತಾಡುತ್ತಿದ್ದವು. ಮುಂದಿನದನ್ನು ೧ಕ್ಕೆ, ಹಿಂದಿನದನ್ನು ೧೧ಕ್ಕೆ ಹಾಕಿ, ಅಗಲವನ್ನು ೨೦ ಮೆಗಾಹರ್ಟ್ಸಿಗೆ ಇಳಿಸಿದೆವು. ಒಂದರ ಮೇಲೊಂದು ಬೀಳದ ಚಾನೆಲುಗಳು ೧, ೬, ೧೧. ನಡುವಿನ ೩, ೪ರಲ್ಲಿ ಜಾಗ ಖಾಲಿಯೆಂದು ಕೂರುವವರು ಎರಡೂ ಪಕ್ಕದವರಿಗೆ ತೊಂದರೆ ಕೊಡುತ್ತಾರೆ. ಭದ್ರತೆಯ ಸಾಲಿನಲ್ಲಿ ಟಿಕೆಐಪಿ ಎಂದಿದ್ದರೆ ಎಇಎಸ್ ಎಂದು ಬದಲಿಸಿ. ಹಳೆಯದು ಇದ್ದಷ್ಟು ದಿನ ಎಷ್ಟು ಹೊಸ ಪೆಟ್ಟಿಗೆಯಾದರೂ ೫೪ನ್ನು ದಾಟುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಅಜ್ಜಿಯ ಮೊಬೈಲು ಹಿಂದಿನ ಕೋಣೆಯಲ್ಲಿ ೬ ತೋರಿಸಿತು. ಮೊಮ್ಮಗಳ ಮೊಬೈಲಿನಲ್ಲಿ ೮೮. ಒಂದೇ ಕೋಣೆ, ಒಂದೇ ಮಂಚದ ಮೇಲೆ ಎರಡೂ. ಹುಡುಗರು ತಲೆ ಕೆರೆದುಕೊಂಡರು. ಕೊನೆಗೆ ನೋಡಿದರೆ ಅಜ್ಜಿಯ ಮೊಬೈಲು ಇನ್ನೂ ಚಾವಡಿಯ ರೂಟರನ್ನೇ ಹಿಡಿದುಕೊಂಡಿತ್ತು. ಯಾವ ಪೆಟ್ಟಿಗೆಯನ್ನು ಹಿಡಿಯಬೇಕು, ಯಾವಾಗ ಬಿಡಬೇಕು ಎನ್ನುವುದನ್ನು ನಿರ್ಧರಿಸುವುದು ಮೊಬೈಲೇ ಹೊರತು ಪೆಟ್ಟಿಗೆಯಲ್ಲ. ಒಂದು ಗೆರೆಯಷ್ಟು ಸಿಕ್ಕಿದರೂ ಕೆಲವು ಮೊಬೈಲುಗಳು ಹಳೆಯದನ್ನು ಬಿಡುವುದಿಲ್ಲ. ವೈ-ಫೈ ಆರಿಸಿ ಮತ್ತೆ ಹಾಕಿದಾಗ ೩೬ಕ್ಕೆ ಏರಿತು. ಹಳೆಯ ಮೊಬೈಲು, ೨.೪ ಮಾತ್ರ ತಿಳಿದದ್ದು, ಅದಕ್ಕೆ ಅಷ್ಟು ಬಂದರೆ ಧಾರಾಳ. ಪ್ರತಿ ಸಲ ಅಜ್ಜಿ ಹಾಗೆ ಮಾಡುವುದು ಬೇಡವೆಂದು ಮುಂದಿನ ರೂಟರಿನ ೨.೪ರ ಶಕ್ತಿಯನ್ನು ನಡುಮಟ್ಟಕ್ಕೆ ಇಳಿಸಿದೆವು. ಅದರ ಧ್ವನಿ ಹಿಂದಿನ ಕೋಣೆಗೆ ಕೇಳದಿದ್ದರೆ ಮೊಬೈಲು ತಾನಾಗಿ ಹತ್ತಿರದ್ದನ್ನು ಹುಡುಕುತ್ತದೆ. ಎಲ್ಲದರ ಶಕ್ತಿಯನ್ನೂ ಪೂರ್ತಿ ಏರಿಸಿಡುವುದು ಒಳ್ಳೆಯದೆಂಬ ನಂಬಿಕೆ ನಮಗೂ ಇತ್ತು.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಗಳಲ್ಲಿ ನಮ್ಮ ಕಡೆ ಬರುವ ಗುಡುಗು ಸಿಡಿಲು ಎಲ್ಲರಿಗೂ ಗೊತ್ತು. ಹೊರಗೆ ಎಳೆದ ತಾಮ್ರದ ತಂತಿ ಸಿಡಿಲಿನ ಏಟನ್ನು ಎರಡೂ ಪೆಟ್ಟಿಗೆಗಳಿಗೆ ತರಬಲ್ಲದು. ಗುಡುಗು ದೂರದಲ್ಲಿ ಕೇಳುವಾಗಲೇ ಕರೆಂಟಿನ ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ತೆಗೆಯಬೇಕು. ಪ್ಲಗ್ಗು ಒಂದನ್ನೇ ತೆಗೆದರೆ ಸಾಲದು. ಸಿಡಿಲು ಹತ್ತಿರ ಬಂದ ಮೇಲಾದರೆ ಮುಟ್ಟಲೇಬೇಡಿ, ಪೆಟ್ಟಿಗೆ ಹೋದರೆ ಹೋಗಲಿ. ದೂರದ ಕಟ್ಟಡಕ್ಕೆ, ಅಡಿಕೆ ಕೊಟ್ಟಿಗೆಗೆ ಎಳೆಯುವವರು ತಾಮ್ರದ ಬದಲು ಫೈಬರನ್ನೇ ಹಾಕಿಸಿದರೆ ಈ ಭಯವಿಲ್ಲ.

ಮುಂದಿನ ತಿಂಗಳ ಮೊದಲ ಶುಕ್ರವಾರ ಹೋದಾಗ ಮೊಮ್ಮಗಳು ಸಭೆಯಲ್ಲಿದ್ದಳು, ಕೈಸನ್ನೆಯಲ್ಲೇ ವಂದಿಸಿದಳು. ಅಜ್ಜ ಪರಮಪ್ರಸಾದ ಸ್ವೀಕರಿಸಿ, ಸ್ವಲ್ಪ ಹೊತ್ತು ಕಣ್ಣುಮುಚ್ಚಿ, ಆಮೇಲೆ, "ಈಗ ಸುತ್ತುವುದಿಲ್ಲ" ಎಂದರು. ಕುವೈತಿನಿಂದ ಮಗ ಫೋನಿನಲ್ಲಿ ಕೇಳಿದ್ದು ಯೋಜನೆಯನ್ನು ೧೦೦ಕ್ಕೆ ಇಳಿಸಬಹುದೇ ಎಂದು. ಇಳಿಸಿ ಎಂದೆವು, ಮರು ತಿಂಗಳಿನಿಂದ ಇಳಿಸಿದ್ದಾರೆ.

ಆ ದಿನ ತಂದ ತಂತಿಯಲ್ಲಿ ಹದಿನೈದು ಮೀಟರಿನಷ್ಟು ಗುರುಮನೆಯಲ್ಲಿ ಉಳಿದಿದೆ. ತುದಿಗೆ ಪಿನ್ನು ಒತ್ತುವ ಇಕ್ಕಳ ಮತ್ತು ಎಂಟು ಎಳೆಗಳನ್ನೂ ಪರೀಕ್ಷಿಸುವ ಸಣ್ಣ ಟೆಸ್ಟರು ಯುವಜನ ಸಂಘದ ಕಪಾಟಿನಲ್ಲಿವೆ. ಬೇಕಾದವರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು. ಏಣಿ ಮಾತ್ರ ನಿಮ್ಮದೇ ಆಗಬೇಕು, ದೇವಾಲಯದ ಏಣಿಯನ್ನು ಯಾರೋ ಒಯ್ದವರು ಇನ್ನೂ ತಂದಿಲ್ಲ.